ಒಂಬತ್ತು ತಿಂಗಳಿಂದ ಕೈ ಓಡುತ್ತಿಲ್ಲ, ಕಲಾವಿದರ ಗುಂಪು ಸೇರಿದರೆ ಸರಿಹೋಗುತ್ತಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ, ಊರು ಧಾರವಾಡ. ಹನ್ನೊಂದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಆರು ವರ್ಷದ ಹಿಂದೆ ಕೆಲಸ ಬಿಟ್ಟು ಚಿತ್ರ ಬರೆಯುವುದನ್ನೇ ವೃತ್ತಿ ಮಾಡಿಕೊಂಡೆ. ಹಳೇ ವಾಡೆಗಳ ನೀಲಿ ಬಾಗಿಲು ಬರೆಯುವ ನನ್ನ ಸರಣಿ ಚೆನ್ನಾಗಿ ಮಾರಾಟವಾಯಿತು. ಜೊತೆಗೆ ತೀರಿಕೊಂಡ ಹಿರಿಯರ ಪೋರ್ಟ್ರೇಟ್ ಆರ್ಡರ್ ಬರುತ್ತವೆ. ಈಗ ಒಂಬತ್ತು ತಿಂಗಳಿಂದ ಏನೂ ಆಗುತ್ತಿಲ್ಲ. ಕ್ಯಾನ್ವಾಸ್ ಬಿಗಿಯುತ್ತೇನೆ, ಪ್ರೈಮರ್ ಹಚ್ಚುತ್ತೇನೆ, ಅಲ್ಲಿಗೆ ನಿಲ್ಲುತ್ತದೆ. ಒಬ್ಬರ ತಾಯಿಯ ಪೋರ್ಟ್ರೇಟಿಗೆ 8,000 ರೂಪಾಯಿ ಅಡ್ವಾನ್ಸ್ ತಗೊಂಡು ನಾಲ್ಕು ತಿಂಗಳಾಯಿತು. ಅವರು ಕೊಟ್ಟಿದ್ದು ಆಧಾರ್ ಕಾರ್ಡಿನ ಫೋಟೊ. ಕಣ್ಣು ಬರುತ್ತಲೇ ಇಲ್ಲ. ಈಗ ಅವರ ಫೋನ್ ಎತ್ತುವುದಕ್ಕೇ ಹೆದರಿಕೆ.

ಪರಿಚಯದ ಕಲಾವಿದೆಯೊಬ್ಬರು ತಮ್ಮ ಗುಂಪಿಗೆ ಕರೆಯುತ್ತಿದ್ದಾರೆ. ಎಂಟು ಜನ, ಎಲ್ಲರೂ ಕಲೆಯನ್ನೇ ನಂಬಿ ಬದುಕುವವರು, ಎಲ್ಲರಿಗೂ ಒಂದಲ್ಲ ಒಂದು ಥರ ಕೆಲಸ ನಿಂತಿದೆ. ಭಾನುವಾರ ಸಂಜೆ ಝೂಮ್‌ನಲ್ಲಿ ಸೇರುತ್ತಾರಂತೆ. ಹಿಂದೆ ಇನ್ನೂರು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದು ಇನ್ನಷ್ಟು ಕುಗ್ಗಿ ಹೋಗಿದ್ದೆ. "ಬರೇ ಹರಟಿ ಹೊಡ್ಯಾಕ ಸಂಘ ಯಾಕ ಬೇಕ?" ಅಂತಾರೆ ನಮ್ಮ ಯಜಮಾನರು. ಹೋದರೆ "ಇವಳ ಕಥೆ ಮುಗೀತು" ಅಂತ ಸುದ್ದಿ ಹರಡುತ್ತಾ? ನನ್ನ ಐಡಿಯಾ ಯಾರಾದರೂ ಎತ್ತಿಕೊಂಡರೆ? ಇಲ್ಲಾ, ನನಗೆ ಡಾಕ್ಟರೇ ಬೇಕಾ? ಮತ್ತೆ ಶಾಲೆಗೆ ಸೇರಿಬಿಡಲಾ?

ಉತ್ತರ: ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ನನ್ನ ಕಣ್ಣು ನಿಂತದ್ದು ಮಾತ್ರ ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಸಾಲಿನ ಮೇಲೆ. "ಪ್ರೈಮರ್ ಹಚ್ಚುತ್ತೇನೆ, ಅಲ್ಲಿಗೆ ನಿಲ್ಲುತ್ತದೆ." ಚೌಕಟ್ಟಿಗೆ ಬಟ್ಟೆ ಎಳೆದು ಕಟ್ಟಿ, ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಉಜ್ಜುವುದು ಸಣ್ಣ ಕೆಲಸವಲ್ಲ. ಆಸೆ ಸತ್ತವರು ಇಷ್ಟು ಮಾಡುವುದಿಲ್ಲ. ನೀವು ಹೊಸ್ತಿಲ ತನಕ ದಿನಾ ಹೋಗುತ್ತಿದ್ದೀರಿ, ಒಳಗೆ ಕಾಲಿಡಲು ಆಗುತ್ತಿಲ್ಲ. ಆಸೆ ಸಾಯುವುದಕ್ಕೂ ಇದಕ್ಕೂ ಬಹಳ ಅಂತರ ಇದೆ.

ನಾನು ಹದಿನೆಂಟು ವರ್ಷದಿಂದ ಆಪ್ತ ಸಮಾಲೋಚಕಿ. ನನ್ನ ಹತ್ತಿರ ಬರುವವರಲ್ಲಿ ಚಿತ್ರಕಾರರು, ನಾಟಕದವರು, ಸಂಗೀತದವರು ಜಾಸ್ತಿ. "ನನ್ನೊಳಗಿದ್ದದ್ದು ಖಾಲಿಯಾಯ್ತು" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗೆ ಹೇಳಿದವರಲ್ಲಿ ನಿಜವಾಗಿ ಖಾಲಿಯಾದ ಒಬ್ಬರನ್ನೂ ನಾನು ನೋಡಿಲ್ಲ. ದಣಿದವರನ್ನು ನೋಡಿದ್ದೇನೆ. ಬೇಸತ್ತವರನ್ನು, ಸಾಲಕ್ಕೆ ಹೆದರಿದವರನ್ನು, ಕಾಯಿಲೆ ಇದ್ದೂ ಗೊತ್ತಿಲ್ಲದವರನ್ನು ನೋಡಿದ್ದೇನೆ.

ಹೀಗೆ ಕೈ ನಿಂತರೆ "ಬ್ಲಾಕ್" ಅನ್ನುತ್ತಾರೆ, ಆ ಪದದಿಂದಲೇ ಅರ್ಧ ತೊಂದರೆ. ಅದನ್ನು ಬಳಕೆಗೆ ತಂದವರು ಎಡ್ಮಂಡ್ ಬರ್ಗ್ಲರ್ ಅನ್ನುವ ಮನೋವಿಶ್ಲೇಷಕ, 1940ರ ದಶಕದಲ್ಲಿ. ಅವರು ಹೇಳಿದ್ದು ಲೇಖಕರ ವಿಷಯ. ಕೈ ನಿಂತ ಲೇಖಕರ ಸಮಸ್ಯೆಯ ಬೇರು ಎದೆಹಾಲಿನ ದಿನಗಳಲ್ಲಿದೆ, ತಾಯಿಯ ಮೇಲಿನ ಹಳೇ ಮುನಿಸಿನಲ್ಲಿದೆ ಅಂತ ಅವರ ವಾದ! ಆ ವಾದವನ್ನು ಈಗ ಯಾರೂ ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಪದ ಮಾತ್ರ ಉಳಿದುಕೊಂಡಿತು. ಒಂದು ಹೆಸರು ಇದೆ ಅಂದಮೇಲೆ ಒಂದೇ ಕಾಯಿಲೆ, ಒಂದೇ ಔಷಧ ಅಂದುಕೊಳ್ಳುತ್ತೇವೆ. ಜ್ವರಕ್ಕೆ ಹತ್ತು ಕಾರಣ ಇರುವ ಹಾಗೆ ಇದಕ್ಕೂ ಇವೆ. ಹಾಗಾಗಿ ಗುಂಪಿಗೆ ಸೇರಬೇಕಾ ಬೇಡವಾ ಅನ್ನುವ ಮೊದಲು ನಿಮ್ಮದು ಯಾವುದು ಅಂತ ನೋಡೋಣ.

ಮೊದಲು ನಿಮ್ಮ ನೀಲಿ ಬಾಗಿಲು. ಸರಣಿ ಚೆನ್ನಾಗಿ ಮಾರಾಟವಾಯಿತು ಅಂತ ಬರೆದಿದ್ದೀರಿ, ಎಷ್ಟು ಬರೆದಿರಿ ಅಂತ ಹೇಳಿಲ್ಲ. ಒಂದು ವಸ್ತು ಮಾರಾಟವಾದರೆ ಜನ ಅದನ್ನೇ ಕೇಳುತ್ತಾರೆ. "ಅದೇ ಥರದ್ದು, ನಮ್ಮ ಸೋಫಾಕ್ಕೆ ಹೊಂದುವ ಹಾಗೆ" ಅನ್ನುತ್ತಾರೆ. ಇಪ್ಪತ್ತನೇ ಬಾಗಿಲು ಬರೆಯುವಾಗ ಕೈಗೆ ಎಲ್ಲ ಗೊತ್ತಿರುತ್ತದೆ, ಮನಸ್ಸಿಗೆ ಕೆಲಸವೇ ಇರುವುದಿಲ್ಲ. ಆಗ ಮನಸ್ಸು ಒಂದು ದಿನ ಮುಷ್ಕರ ಹೂಡುತ್ತದೆ. ಬೇರೇನಾದರೂ ಬರೆಯೋಣ ಅಂದರೆ ಅದು ಮಾರಾಟವಾಗುತ್ತಾ ಅನ್ನುವ ಭಯ. ಸಂಬಳ ಇದ್ದಾಗ ಕೆಟ್ಟ ಚಿತ್ರ ಬರೆದರೆ ಒಂದು ಕ್ಯಾನ್ವಾಸ್ ಹಾಳು ಅಷ್ಟೆ. ಈಗ ಪ್ರತಿ ಕ್ಯಾನ್ವಾಸಿನ ಹಿಂದೆ ಗ್ಯಾಸ್ ಸಿಲಿಂಡರ್, ಕರೆಂಟ್ ಬಿಲ್ಲು, ಮಕ್ಕಳ ಫೀಸು ನಿಂತಿರುತ್ತವೆ. ಅಷ್ಟೆಲ್ಲ ಭಾರ ಹೊತ್ತು ಮೊದಲ ಗೆರೆ ಎಳೆಯುವುದು ಯಾರಿಗೂ ಸುಲಭ ಅಲ್ಲ.

ಇನ್ನೊಂದನ್ನು ನೀವು ಹೇಳಿಲ್ಲ, ನಾನು ಊಹಿಸುತ್ತಿದ್ದೇನೆ. ಹನ್ನೊಂದು ವರ್ಷ ನಿಮಗೊಂದು ಸ್ಟಾಫ್ ರೂಮ್ ಇತ್ತು. ಅಲ್ಲಿ ಜಗಳ ಇತ್ತು, ಹೆಡ್‌ಮಾಸ್ಟರ ಕಿರಿಕಿರಿ ಇತ್ತು, ಡಬ್ಬಿ ಹಂಚಿಕೊಂಡು ತಿನ್ನುವವರಿದ್ದರು. ಬೆಳಿಗ್ಗೆ ಹೋದರೆ "ಯಾಕ್ರೀ, ಮುಖ ಬಾಡೈತಿ?" ಅಂತ ಕೇಳುವವರು ಒಬ್ಬರಾದರೂ ಇದ್ದರು. ಈಗ ಆರು ವರ್ಷದಿಂದ ಒಂದು ಕೋಣೆ, ಒಂದು ಈಸಲ್. ಪೂರ್ಣಾವಧಿ ಕಲಾವಿದರು ಹಣದ ಕಷ್ಟವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಒಂಟಿತನದ ಲೆಕ್ಕ ಹಾಕಿರುವುದಿಲ್ಲ.

ಈಗ ಡಾಕ್ಟರ್ ವಿಷಯ. ಇದನ್ನು ಗುಂಪಿಗಿಂತ ಮೊದಲು ಇತ್ಯರ್ಥ ಮಾಡಿಕೊಳ್ಳಿ. ನಿಮ್ಮನ್ನು ನೀವೇ ಕೇಳಿಕೊಳ್ಳಿ: ಬೇಸರ ಬಂದಿರುವುದು ಚಿತ್ರದ ಮೇಲೆ ಮಾತ್ರವಾ, ಎಲ್ಲದರ ಮೇಲೂನಾ? ಸಿನಿಮಾ ನೋಡಿದರೆ ನಗು ಬರುತ್ತಾ? ಇಷ್ಟದ ಊಟ ರುಚಿಸುತ್ತಾ? ಗೆಳತಿ ಬಂದರೆ ಖುಷಿಯಾಗುತ್ತಾ? ಯಾವುದರಲ್ಲೂ ಆಸಕ್ತಿ ಇಲ್ಲ, ದಿನದ ಬಹುಪಾಲು ಮನಸ್ಸು ಕುಗ್ಗಿದೆ, ನಿದ್ದೆ ಹಸಿವು ಕೆಟ್ಟಿದೆ, ಇದು ಎರಡು ವಾರ ಮೀರಿ ನಡೆದಿದೆ ಅಂದರೆ ಅದನ್ನು ಬ್ಲಾಕ್ ಅಂತ ಕರೆದು ಕೂರಬೇಡಿ. ಅದು ಖಿನ್ನತೆ ಇರಬಹುದು. ಚಿಕಿತ್ಸೆ ಇದೆ. ನಿಮ್ಮೂರಿನಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೊರಗೆ ಹೋಗಲು ಸಂಕೋಚ ಆದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಸುಳಿದರೂ ಅದೇ ದಿನ ಮಾಡಿ.

ಹಾಗೆಯೇ ಒಂದು ರಕ್ತ ಪರೀಕ್ಷೆ. ಥೈರಾಯ್ಡ್ ಕಡಿಮೆಯಾದರೆ, ಹಿಮೋಗ್ಲೋಬಿನ್ ಇಳಿದರೆ ಇದೇ ಸುಸ್ತು, ಇದೇ ಮಂಕು. ನಲವತ್ತು ದಾಟಿದ ಮೇಲೆ ಮುಟ್ಟಿನ ಏರುಪೇರಿನ ಜೊತೆ ನಿದ್ದೆ, ಮೂಡ್ ಎರಡೂ ಕೈಕೊಡಬಹುದು. ನನ್ನ ಹತ್ತಿರ ಬಂದ ಒಬ್ಬ ಗಾಯಕಿ ಮೂರು ತಿಂಗಳು ತಮ್ಮ ಬಾಲ್ಯದ ಕಥೆ ಹೇಳಿದರು. ನಾನೂ ಕೇಳಿದೆ. ಕೊನೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದಾಗ ನಮ್ಮಿಬ್ಬರಿಗೂ ನಾಚಿಕೆಯಾಯಿತು. ಅಂದಿನಿಂದ ನಾನು ಮೊದಲ ಭೇಟಿಯಲ್ಲೇ ರಿಪೋರ್ಟ್ ಕೇಳುತ್ತೇನೆ.

ಇದೆಲ್ಲ ಸರಿಯಿದೆ ಅಂದುಕೊಂಡು ಗುಂಪಿಗೆ ಬರೋಣ.

ನಿಮ್ಮ ಯಜಮಾನರ ಮಾತು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಹರಟೆಯಿಂದ ಏನೂ ಹುಟ್ಟುವುದಿಲ್ಲ ಅಂತ ಧಾರವಾಡದಲ್ಲಿ ಕೂತು ಹೇಳುವುದು ಸ್ವಲ್ಪ ಕಷ್ಟ, ಅಲ್ವಾ? 1922ರಲ್ಲಿ ಬೇಂದ್ರೆಯವರು ಗೆಳೆಯರ ಗುಂಪು ಕಟ್ಟಿದ್ದು ನಿಮ್ಮೂರಲ್ಲೇ. ಶಂಬಾ ಜೋಶಿ, ಗೋಕಾಕ, ಆನಂದಕಂದ ಎಲ್ಲ ಅದರಲ್ಲಿದ್ದವರು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟ ಸಾಹಿತಿಗಳ ಹರಟೆಗೇ ಹೆಸರಾದ ಜಾಗ. ಆದರೆ ಒಂದು ಗಮನಿಸಿ. ಆ ಗುಂಪುಗಳ ನಡುವೆ ಕೆಲಸ ಇತ್ತು. ಪದ್ಯ ಓದಬೇಕಿತ್ತು, ಪತ್ರಿಕೆ ತರಬೇಕಿತ್ತು, ಪುಸ್ತಕ ಅಚ್ಚು ಹಾಕಬೇಕಿತ್ತು. ಮಾತು ಅದರ ಸುತ್ತ ಬೆಳೆಯಿತು.

ನಿಮ್ಮನ್ನು ಕರೆಯುತ್ತಿರುವ ಗುಂಪಿನ ಮಾದರಿ ಬೇರೆ ಕಡೆಯಿಂದ ಬಂದದ್ದು. ಒಂದೇ ಕಷ್ಟದವರು ತಜ್ಞರಿಲ್ಲದೆ ಸುತ್ತ ಕೂತು ಮಾತಾಡುವ ಪದ್ಧತಿಗೆ ಇಷ್ಟು ಹೆಸರು ಬಂದದ್ದು ಕುಡಿತ ಬಿಡುವವರ ಗುಂಪುಗಳಿಂದ. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಲ್ಲಿ ಇಬ್ಬರು ಕುಡುಕರು, ಅವರಲ್ಲಿ ಒಬ್ಬರು ಸ್ವತಃ ಡಾಕ್ಟರ್, ಹೀಗೆ ಕೂತು ಶುರು ಮಾಡಿದ್ದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಈಗ ನಮ್ಮ ಊರುಗಳಲ್ಲೂ ಇದೆ. ಅಲ್ಲಿ ಅಳತೆ ಸ್ಪಷ್ಟ: ಇವತ್ತು ಕುಡಿದೆಯಾ, ಇಲ್ಲವಾ. ಕಲಾವಿದರ ಗುಂಪಿಗೆ ಅಂಥ ಅಳತೆ ಇಲ್ಲ. "ಈ ವಾರ ಹೇಗಿತ್ತು?" ಅಂತ ಕೇಳಿದರೆ ಉತ್ತರ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಎಲ್ಲಿಗೆ ಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಒಂದು ಗುಂಪನ್ನು ನಾನೇ ಹಾಳು ಮಾಡಿದ್ದೇನೆ. ಹತ್ತು ವರ್ಷದ ಹಿಂದಿನ ಮಾತು, ಬೆಂಗಳೂರಲ್ಲಿ. ಫ್ರೇಮ್ ಹಾಕುವ ಅಂಗಡಿಯ ಮೇಲಿನ ಕೋಣೆ, ಶನಿವಾರ ಸಂಜೆ, ಒಂಬತ್ತು ಜನ. ಕೆಳಗಡೆ ಗರಗಸದ ಸದ್ದು, ಮೇಲೆ ನಮ್ಮ ಮಾತು. ಯಾರೂ ಏನೂ ಬಚ್ಚಿಡದೆ ಮನಸ್ಸು ಬಿಚ್ಚಲಿ ಅಂತ ನಾನು ಸಮಯದ ಮಿತಿ ಇಡಲಿಲ್ಲ. ಮೂರನೇ ವಾರ ಒಬ್ಬರು ಗ್ಯಾಲರಿಯವರು ದುಡ್ಡು ಕೊಡದೆ ಸತಾಯಿಸಿದ ಕಥೆಯನ್ನು ಐವತ್ತು ನಿಮಿಷ ಹೇಳಿದರು. ಎಲ್ಲರೂ ತಮ್ಮ ತಮ್ಮ ಗ್ಯಾಲರಿ ಕಥೆ ಜೋಡಿಸಿದರು. ಮನೆಗೆ ಹೋಗುವಾಗ ಎಲ್ಲರಿಗೂ ಹಗುರ ಅನ್ನಿಸಿತ್ತು. ಮುಂದಿನ ವಾರ ಅದೇ ಕಥೆ. ಆರನೇ ವಾರಕ್ಕೆ ಮೂರು ಜನ ಉಳಿದಿದ್ದರು. ಒಬ್ಬರೂ ಒಂದು ಗೆರೆ ಎಳೆದಿರಲಿಲ್ಲ.

ಹಗುರ ಆಗುವುದಕ್ಕೂ ಗುಣ ಆಗುವುದಕ್ಕೂ ವ್ಯತ್ಯಾಸ ಇದೆ. ಅಮಾಂಡಾ ರೋಸ್ ಅನ್ನುವ ಮನಶ್ಶಾಸ್ತ್ರಜ್ಞೆ 2002ರಲ್ಲಿ ಶಾಲಾ ಮಕ್ಕಳ ಗೆಳೆತನದ ಬಗ್ಗೆ ಇದನ್ನೇ ತೋರಿಸಿದರು. ಒಂದೇ ಕಷ್ಟವನ್ನು ಕೂಡಿ ಕೂತು ಮತ್ತೆ ಮತ್ತೆ ಮೆಲುಕು ಹಾಕುವ ಗೆಳೆಯರಲ್ಲಿ ನಂಟು ಗಟ್ಟಿಯಾಗಿರುತ್ತದೆ, ಜೊತೆಗೆ ಕುಗ್ಗುವಿಕೆಯೂ ಜಾಸ್ತಿ ಇರುತ್ತದೆ. ದೊಡ್ಡವರೂ ಇದಕ್ಕೆ ಹೊರತಲ್ಲ ಅಂತ ಆ ಕೋಣೆ ನನಗೆ ಕಲಿಸಿತು.

ಆರು ತಿಂಗಳು ಬಿಟ್ಟು ಅದೇ ಕೋಣೆಯಲ್ಲಿ ಮತ್ತೆ ಶುರು ಮಾಡಿದೆವು. ಈ ಸಲ ಐದು ಜನ. ಮೊದಲ ನಲವತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಕೈಯಲ್ಲಿ ಏನಾದರೂ ಕೆಲಸ ಇರಬೇಕು. ಚಿತ್ರವೇ ಆಗಬೇಕಂತಿಲ್ಲ. ಒಬ್ಬ ಶಿಲ್ಪಿ ಸುಮ್ನೆ ಜೇಡಿಮಣ್ಣು ಹದ ಮಾಡುತ್ತಾ ಕೂತರು. ಇಲಸ್ಟ್ರೇಷನ್ ಮಾಡುವ ಒಬ್ಬ ಹುಡುಗ ಎರಡು ವಾರ ಬರೀ ಪೆನ್ಸಿಲ್ ಕೆತ್ತಿದ. ಬ್ಲೇಡ್‌ನಲ್ಲಿ ಒಂದೊಂದೇ, ಮುಂದೆ ಹಾಸಿದ ನ್ಯೂಸ್‌ಪೇಪರ್ ಮೇಲೆ ಸಿಪ್ಪೆ ಗುಡ್ಡೆಯಾಗುತ್ತಿತ್ತು. ಹನ್ನೆರಡೂ ಪೆನ್ಸಿಲ್ ಸೂಜಿಯ ಹಾಗೆ ಆದವು. ಮೂರನೇ ವಾರ ಕೆತ್ತಲು ಏನೂ ಉಳಿದಿರಲಿಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಪಕ್ಕದಲ್ಲಿದ್ದವರ ಕಿವಿ ಬರೆದ. ಮುಖ ಅಲ್ಲ, ಕಿವಿ ಒಂದೇ. ಆ ಹುಡುಗ ಆಮೇಲೆ ದೊಡ್ಡ ಕಲಾವಿದನಾದ ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಆತ ಆ್ಯನಿಮೇಷನ್ ಕಂಪನಿಗೆ ಕೆಲಸಕ್ಕೆ ಸೇರಿದ. ಈಗಲೂ ಬರೆಯುತ್ತಾನೆ.

ಆದ್ದರಿಂದ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಗುಂಪಿನಿಂದ ಐಡಿಯಾ ಸಿಗುತ್ತದೆ ಅಂತ ಹೋಗಬೇಡಿ. ಸಿಗುವುದು ಎರಡೇ. ಒಂದು, ನಿಮ್ಮ ಹಾಗೆ ಹೊಸ್ತಿಲಲ್ಲಿ ನಿಂತವರು ಇನ್ನೂ ಇದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಅವಮಾನ ಒಬ್ಬರೇ ಇದ್ದಾಗ ಬೆಳೆಯುತ್ತದೆ, ನಾಲ್ಕು ಜನರ ಮುಂದೆ ಸಣ್ಣದಾಗುತ್ತದೆ. ಎರಡು, ಭಾನುವಾರ ಇಂಥ ಹೊತ್ತಿಗೆ ಕೂರಲೇಬೇಕು ಅನ್ನುವ ಕಟ್ಟು. ನಿಮ್ಮಂಥವರಿಗೆ ಈ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನನ್ನ ಅನುಭವ.

ವಾಟ್ಸ್ಆ್ಯಪ್ ಗುಂಪಿನಲ್ಲಿ ನೀವು ಕುಗ್ಗಿದ್ದರಲ್ಲಿ ಆಶ್ಚರ್ಯ ಇಲ್ಲ. ಇನ್ನೂರು ಜನರಲ್ಲಿ ದಿನಾ ಐದು ಜನ ಹೊಸ ಚಿತ್ರ ಹಾಕಿದರೂ ನಿಮಗೆ ಕಾಣುವುದು "ಎಲ್ಲರೂ ಬರೀತಿದ್ದಾರೆ, ನಾನೊಬ್ಬಳೇ ಇಲ್ಲ" ಅಂತ. ಸುಮ್ಮನಿರುವ ನೂರ ತೊಂಬತ್ತೈದು ಜನ ಕಾಣುವುದೇ ಇಲ್ಲ. ಅದು ಪ್ರಚಾರದ ಗುಂಪು, ಅದರಿಂದ ಆಸರೆ ಬಯಸುವುದೇ ತಪ್ಪು. ಮ್ಯೂಟ್ ಮಾಡಿ.

ಈಗ ಕರೆದಿರುವ ಗುಂಪಿಗೆ ಹೂಂ ಅನ್ನುವ ಮೊದಲು ಆ ಕಲಾವಿದೆಯನ್ನು ಕೆಲವು ಪ್ರಶ್ನೆ ಕೇಳಿ. ಒಬ್ಬರಿಗೆ ಎಷ್ಟು ನಿಮಿಷ? ಯಾರಾದರೂ ಗಡಿಯಾರ ನೋಡುತ್ತಾರಾ? ಕೇಳದೇ ಸಲಹೆ ಕೊಡುವ ಪದ್ಧತಿ ಇದೆಯಾ? ಗುಂಪಿನಲ್ಲಿ ಯಾರದ್ದಾದರೂ ಗುರು ಅಥವಾ ಪ್ರದರ್ಶನಕ್ಕೆ ಚಿತ್ರ ಆರಿಸುವ ಕ್ಯುರೇಟರ್ ಇದ್ದಾರಾ? ಇದ್ದರೆ ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅವಕಾಶ ಕೊಡುವವರ ಮುಂದೆ ಯಾರೂ ನಿಜ ಹೇಳುವುದಿಲ್ಲ. ಎಲ್ಲರೂ ಚಿತ್ರಕಾರರೇ ಆಗಿರುವುದಕ್ಕಿಂತ ಒಬ್ಬ ತಬಲಾದವರು, ಒಬ್ಬ ನೇಕಾರರು, ಒಬ್ಬ ಕಥೆಗಾರ್ತಿ ಇದ್ದರೆ ಒಳ್ಳೆಯದು, ಹೋಲಿಕೆ ತಾನಾಗೇ ಕಡಿಮೆಯಾಗುತ್ತದೆ. ಇದು ಎಷ್ಟು ವಾರದ್ದು ಅಂತಲೂ ಕೇಳಿ. ಕೊನೆಯಿಲ್ಲದ ಗುಂಪುಗಳಲ್ಲಿ ಕೈ ಓಡದಿರುವುದೇ ಒಂದು ಗುರುತಿನ ಚೀಟಿ ಆಗಿಬಿಡುವ ಅಪಾಯ ಇದೆ. ಮತ್ತೆ ಬರೆಯಲು ಶುರು ಮಾಡಿದವರು ಹೇಳಿಕೊಳ್ಳಲು ಮುಜುಗರ ಪಡುವುದನ್ನು ನಾನು ನೋಡಿದ್ದೇನೆ, ಏನೋ ದ್ರೋಹ ಮಾಡಿದ ಹಾಗೆ.

ಸುದ್ದಿ ಹರಡುತ್ತಾ ಅಂದಿರಿ. ಹರಡಬಹುದು. ಕಲಾ ವಲಯ ಚಿಕ್ಕದು, ಧಾರವಾಡ ಹುಬ್ಬಳ್ಳಿಯದಂತೂ ಇನ್ನೂ ಚಿಕ್ಕದು. ಇಲ್ಲಿ ಆಡಿದ ಮಾತು ಇಲ್ಲೇ ಅನ್ನುವ ನಿಯಮವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿಕೊಂಡಿದ್ದಾರಾ ನೋಡಿ, ರೆಕಾರ್ಡಿಂಗ್ ಬೇಡ ಅನ್ನಿ. ಆದರೂ ಪೂರ್ತಿ ಭರವಸೆ ಯಾರೂ ಕೊಡಲಾರರು. ಮೊದಲ ಎರಡು ವಾರ, ಹೊರಗೆ ಗೊತ್ತಾದರೂ ಪರವಾಗಿಲ್ಲ ಅನ್ನುವಷ್ಟನ್ನೇ ಹೇಳಿ. ಗುಟ್ಟಿನ ನಿಯಮಕ್ಕೆ ಒಂದು ವಿನಾಯಿತಿ ಇರಬೇಕು: ಯಾರಾದರೂ ಜೀವ ಕಳೆದುಕೊಳ್ಳುವ ಮಾತಾಡಿದರೆ ಗುಂಪು ಸುಮ್ಮನಿರಬಾರದು, ಅವರ ಮನೆಯವರಿಗೆ ಅಥವಾ ಡಾಕ್ಟರಿಗೆ ತಿಳಿಸಬೇಕು.

ಐಡಿಯಾ ಕಳವಿನ ಭಯ ಎಲ್ಲರಿಗೂ ಇರುತ್ತದೆ. ಕಾನೂನಿನ ಮಾತು ಹೇಳುವುದಾದರೆ, 1957ರ ಕೃತಿಸ್ವಾಮ್ಯ ಕಾಯ್ದೆ ನೀವು ಬರೆದ ಚಿತ್ರವನ್ನು ಕಾಯುತ್ತದೆ, ಅದಕ್ಕೆ ನೋಂದಣಿಯೂ ಬೇಕಿಲ್ಲ. ತಲೆಯಲ್ಲಿರುವ ಐಡಿಯಾವನ್ನು ಕಾಯುವುದಿಲ್ಲ. ಹಾಗಾಗಿ ಅರ್ಧ ಆದ ಕೆಲಸ ತೋರಿಸಲೇಬೇಡಿ. ಎಷ್ಟು ಹೊತ್ತು ಕೂತೆ, ಎಲ್ಲಿ ನಿಂತೆ ಅಂತ ಹೇಳಿದರೆ ಸಾಕು. ಚೆನ್ನಾಗಿ ನಡೆಯುವ ಗುಂಪಿಗೆ ಚಿತ್ರ ನೋಡುವ ಅಗತ್ಯವೇ ಬೀಳುವುದಿಲ್ಲ.

ಆರು ಭಾನುವಾರ ಹೋಗಿ ನೋಡಿ. ಸೋಮವಾರ ಬೆಳಿಗ್ಗೆ ನೀವು ಏನು ಮಾಡುತ್ತೀರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಭಾನುವಾರ ರಾತ್ರಿಯ ಖುಷಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರು ಸೋಮವಾರಗಳಲ್ಲಿ ಒಂದೂ ಗೆರೆ ಬೀಳದಿದ್ದರೆ ಬಿಟ್ಟುಬಿಡಿ. ಎಂಟು ಜನ ಜಾಸ್ತಿ ಅನ್ನಿಸಿದರೆ ಒಬ್ಬರೇ ಸಾಕು. ಆ ಕಲಾವಿದೆಯೂ ನೀವೂ ಬೆಳಿಗ್ಗೆ ಏಳಕ್ಕೆ ಫೋನ್ ಸ್ಪೀಕರ್‌ಗೆ ಹಾಕಿ, ಒಂದು ಗಂಟೆ ಮಾತಾಡದೆ ಇಬ್ಬರೂ ಕೆಲಸ ಮಾಡಿ ಇಟ್ಟುಬಿಡಬಹುದು. ಜೋಡಿಯ ಅಪಾಯ ಏನೆಂದರೆ ಒಬ್ಬರು ಮಲಗಿದರೆ ಇಬ್ಬರೂ ಮಲಗಿದ ಹಾಗೆ.

ಶಾಲೆಗೆ ಮರಳುವುದನ್ನು ಸೋಲು ಅಂತ ನೋಡಬೇಡಿ. ಆರ್.ಎಂ. ಹಡಪದರು ಬೆಂಗಳೂರಲ್ಲಿ ಕೆನ್ ಕಲಾಶಾಲೆ ಕಟ್ಟಿ, ಕಲಿಸುತ್ತಲೇ ಚಿತ್ರ ಬರೆದವರು. ವಾರಕ್ಕೆ ಎರಡು ದಿನದ ಕ್ಲಾಸ್ ಸಿಕ್ಕರೆ ಕರೆಂಟ್ ಬಿಲ್ಲು ಅಲ್ಲಿಂದ ಹೋಗುತ್ತದೆ, ಕ್ಯಾನ್ವಾಸ್ ಮೇಲಿನ ಭಾರ ಇಳಿಯುತ್ತದೆ. ಸ್ಟಾಫ್ ರೂಮ್ ಕೂಡ ಸಿಗುತ್ತದೆ. ಪೂರ್ತಿ ಕೆಲಸಕ್ಕೆ ಈಗಲೇ ಸೇರಬೇಡಿ. ಕುಗ್ಗಿದ ಮನಸ್ಸಿನಲ್ಲಿ ತಗೊಂಡ ದೊಡ್ಡ ತೀರ್ಮಾನವನ್ನು ಜನ ಆಮೇಲೆ ಹಳಿಯುವುದೇ ಹೆಚ್ಚು.

ಕೊನೆಗೆ ಆ 8,000 ರೂಪಾಯಿ. ಒಂಬತ್ತು ತಿಂಗಳ ತೊಂದರೆಗೆ ಅದು ಕಾರಣವಲ್ಲ, ಆದರೆ ದಿನಾ ಚುಚ್ಚುತ್ತಿರುವುದು ಅದೇ. ನಾನು ಚಿತ್ರಕಾರ್ತಿ ಅಲ್ಲ. ಪೋರ್ಟ್ರೇಟ್ ಬರೆಯುವ ಹಿರಿಯರೊಬ್ಬರಿಗೆ ನಿಮ್ಮ ಹೆಸರು ಹೇಳದೆ ಈ ಸಂಗತಿ ಕೇಳಿದೆ. ಅವರು ನಕ್ಕರು. "ಆಧಾರ್ ಫೋಟೊದಲ್ಲಿ ಎದುರು ಬೆಳಕು, ನೆರಳೇ ಇರಲ್ಲ. ಅದೂ ಬೆರಳುಗುರಿನಷ್ಟು. ಅದರಲ್ಲಿ ಕಣ್ಣು ಯಾರಿಗೆ ಬರುತ್ತೆ?" ಅಂದರು. ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ, ಬೇರೆ ದಿನ ಆಗಿದ್ದರೆ ನೀವೇ ಹೇಳುತ್ತಿದ್ದಿರಿ. ನಾಳೆ ಅವರಿಗೆ ನೀವಾಗಿಯೇ ಫೋನ್ ಮಾಡಿ. ತಡವಾಯಿತು ಅಂತ ಒಂದು ಮಾತಲ್ಲಿ ಹೇಳಿ, ಕಾರಣ ಉದ್ದ ಮಾಡಬೇಡಿ. ತಾಯಿಯವರ ಬೇರೆ ಫೋಟೊ ಇದೆಯಾ ಕೇಳಿ. ಯಾರದ್ದೋ ಮದುವೆ ಆಲ್ಬಮ್‌ನಲ್ಲಿ, ಸೀಮಂತದ ಗುಂಪಿನಲ್ಲಿ, ಪಕ್ಕಕ್ಕೆ ತಿರುಗಿ ಯಾರನ್ನೋ ಕರೆಯುತ್ತಿರುವ ಒಂದು ಫೋಟೊ ಇದ್ದೇ ಇರುತ್ತದೆ. ಹುಡುಕಿ ಕಳಿಸಲು ಅವರಿಗೆ ಒಂದು ವಾರ ಬೇಕಾಗಬಹುದು. ಅಷ್ಟರಲ್ಲಿ ಒಂದು ಭಾನುವಾರ ಬಂದಿರುತ್ತದೆ.